ಆಕಾಶಕ್ಕೆ ಬದು ಇಲ್ಲ

ಬೆಳಗೊಂಡಪಲ್ಲಿ ಕಡೆಯಿಂದ ಪುಟ್ಟ ವಿಮಾನದ ಸದ್ದು ಬಂದರೆ ಸಾಕು, ಹೊಸೂರಿನ ಹುಡುಗರು ಫೋನ್ ತೆಗೆದು ವಿಮಾನ ತೋರಿಸುವ ಆ್ಯಪ್ ನೋಡುತ್ತಾರೆ. 35,000 ಅಡಿ ಮೇಲೆ ಹೋಗುತ್ತಿರುವ ಜೆಟ್ ಅದರಲ್ಲಿರುತ್ತದೆ, ದೇವನಹಳ್ಳಿಗೆ ಇಳಿಯುತ್ತಿರುವುದೂ ಇರುತ್ತದೆ. ತಲೆಯ ಮೇಲೇ ಗುರ್ ಎನ್ನುತ್ತಿರುವ ಸೆಸ್ನಾ ಮಾತ್ರ ಎಷ್ಟೋ ಸಲ ಇರುವುದಿಲ್ಲ. ಕದ್ದು ಹಾರುತ್ತಿದೆ ಎಂದು ತಮಾಷೆ ಮಾಡುವವರಿದ್ದಾರೆ. ಕದ್ದು ಹಾರುವುದೇನಿಲ್ಲ. ಆ್ಯಪ್‌ಗೆ ಬೇಕಾದ್ದು ತನ್ನ ಜಾಗವನ್ನು ತಾನೇ ಸಾರಿಕೊಂಡು ಹೋಗುವ ಎಡಿಎಸ್-ಬಿ ಸಂಕೇತ. ಹಳೆಯ ತರಬೇತಿ ವಿಮಾನಗಳಲ್ಲಿ ಇರುವುದು ಅದಕ್ಕಿಂತ ಸಂಕೋಚದ ಪೆಟ್ಟಿಗೆ. ಕೇಳಿದರೆ ಮಾತ್ರ ಉತ್ತರಿಸುತ್ತದೆ, ಅದೂ ಎರಡೇ ಎರಡು ಪ್ರಶ್ನೆಗೆ.

ಆ ಪೆಟ್ಟಿಗೆಯೇ ಟ್ರಾನ್ಸ್‌ಪಾಂಡರ್. ನೆಲದ ಮೇಲೆ ತಿರುಗುವ ಸೆಕೆಂಡರಿ ರೇಡಾರ್ 1030 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತದೆ, ವಿಮಾನ 1090 ಮೆಗಾಹರ್ಟ್ಸ್‌ನಲ್ಲಿ ಹೇಳುತ್ತದೆ. ಪ್ರಶ್ನೆ ಎಂದರೆ ಎರಡು ಪಲ್ಸ್, ಅಷ್ಟೇ. ಅವೆರಡರ ನಡುವೆ 8 ಮೈಕ್ರೊಸೆಕೆಂಡ್ ಅಂತರವಿದ್ದರೆ ‘ನೀನು ಯಾರು’ ಎಂದು ಅರ್ಥ. ಅದಕ್ಕೆ ಹೋಗುವ ಉತ್ತರ ಮೋಡ್ ಎ, ಪೈಲಟ್ ತಿರುಗಿಸಿಟ್ಟ ನಾಲ್ಕಂಕಿ ಕೋಡ್. 21 ಮೈಕ್ರೊಸೆಕೆಂಡ್ ಅಂತರವಿದ್ದರೆ ‘ಎಷ್ಟು ಎತ್ತರ’ ಎಂದು. ಅದಕ್ಕೆ ಉತ್ತರ ಮೋಡ್ ಸಿ, ನೂರು ಅಡಿ ಲೆಕ್ಕದಲ್ಲಿ. ಎರಡನೇ ಮಹಾಯುದ್ಧದಲ್ಲಿ ನಮ್ಮವರು ಯಾರು, ಶತ್ರು ಯಾರು ಎಂದು ತಿಳಿಯಲು ಬ್ರಿಟಿಷರು ಕಟ್ಟಿದ ಉಪಕರಣದ ವಂಶ ಇದು. ಅದರ ಗುಟ್ಟಿನ ಹೆಸರು ‘ಪ್ಯಾರಟ್’. ಗಿಳಿ ಕಿರುಚುವುದಕ್ಕೆ ಇಂಗ್ಲಿಷಿನಲ್ಲಿ ‘ಸ್ಕ್ವಾಕ್’ ಎನ್ನುತ್ತಾರಲ್ಲ, ಅದೇ ಮಾತು ಇವತ್ತಿಗೂ ಉಳಿದಿದೆ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ‘ಸ್ಕ್ವಾಕ್ 4321’ ಎಂದರೆ ಆ ಅಂಕಿ ಹಾಕು ಎಂದು.

ಅಂಕಿಗಳು 0ಯಿಂದ 7ರವರೆಗೆ ಮಾತ್ರ. ನಾಲ್ಕು ಸ್ಥಾನ, ಒಂದೊಂದಕ್ಕೆ ಎಂಟು ಅಂಕಿ, ಒಟ್ಟು 4096 ಕೋಡ್. ಹಾಗಾಗಿ ಕಿವಿಗೆ 8 ಅಥವಾ 9 ಬಿದ್ದಿತೆಂದರೆ ತಪ್ಪು ಕೇಳಿಸಿಕೊಂಡಿರಿ ಎಂದೇ ಲೆಕ್ಕ. ಊಹೆ ಮಾಡದೆ ಮತ್ತೆ ಕೇಳಬೇಕು. 7500 ಅಪಹರಣ, 7600 ರೇಡಿಯೊ ಸತ್ತಿದೆ, 7700 ಆಪತ್ತು. ಈ ಮೂರನ್ನು ಕಲಿಯುವವರೆಲ್ಲ ಬಾಯಿಪಾಠ ಮಾಡುತ್ತಾರೆ. ಅಂಕಿ ಬದಲಿಸುವಾಗ ದಾರಿಯಲ್ಲಿ ಇವು ಎಡವದ ಹಾಗೆ ನೋಡಿಕೊಳ್ಳುವುದನ್ನು ಮರೆಯುತ್ತಾರೆ. ಕೆಟಿ 76ಎ ಥರದ ಹಳೆಯ ಪೆಟ್ಟಿಗೆಯಲ್ಲಿ ನಾಲ್ಕು ಅಂಕಿಗೆ ನಾಲ್ಕು ನಾಬ್. 1500 ಇದ್ದದ್ದನ್ನು 7100 ಮಾಡಬೇಕಿದೆ ಎನ್ನಿ. ಎಡಗಡೆಯ ನಾಬ್ ಮೊದಲು ತಿರುಗಿಸಿದರೆ ಒಂದು ಗಳಿಗೆ 7500 ಹೋಗಿಬಿಡುತ್ತದೆ. ಎರಡನೇ ನಾಬ್ ಮೊದಲು ಮುಟ್ಟಿ 1100 ಮಾಡಿಕೊಂಡು, ಆಮೇಲೆ 7100ಕ್ಕೆ ಹೋಗಬೇಕು. ಬಟನ್ ಒತ್ತುವ ಗಾರ್ಮಿನ್ ಜಿಟಿಎಕ್ಸ್ 327ರಲ್ಲಿ ಈ ತಾಪತ್ರಯ ಇಲ್ಲ, ಇನ್ನೊಂದಿದೆ. ಅದರ ‘ವಿಎಫ್‌ಆರ್’ ಬಟನ್ ಒತ್ತಿದರೆ, ಹೊಂದಿಸಿದವರು ಬದಲಿಸಿಲ್ಲದಿದ್ದರೆ, 1200 ಬರುತ್ತದೆ. ಹೊರಗೆ ಕಣ್ಣಿಟ್ಟು ಹಾರುವ ವಿಎಫ್‌ಆರ್ ವಿಮಾನಗಳಿಗೆ ಅಮೆರಿಕದಲ್ಲಿ ಕೊಟ್ಟ ಸಂಖ್ಯೆ ಅದು. ಇಲ್ಲಿ ಆ ಬಟನ್ ಇದೆ ಎಂಬುದನ್ನೇ ಮರೆತುಬಿಡುವುದು ವಾಸಿ.

ಇಷ್ಟು ಪೀಠಿಕೆ. ನಿಜವಾದ ತೊಡಕು ಇರುವುದು ಜಾಗದಲ್ಲಿ: ಅನುಮತಿ ಇಲ್ಲದೆ ಹೋಗಬಾರದ ಬೆಂಗಳೂರಿನ ಆಕಾಶದೊಳಗೆ ಗೊತ್ತಿಲ್ಲದೆ ಹೊಕ್ಕುಬಿಡುವುದರಲ್ಲಿ.

ಹೊಸೂರಿನ ನೆಲದ ಗಡಿ ಎಲ್ಲರಿಗೂ ಗೊತ್ತು. ಅತ್ತಿಬೆಲೆ ದಾಟಿದರೆ ಬೋರ್ಡಿನ ಲಿಪಿ ಬದಲಾಗುತ್ತದೆ. ರಾಗಿ ಹೊಲಕ್ಕೆ ಬದು ಇದೆ, ಗುಲಾಬಿ ತೋಟಕ್ಕೆ ಬೇಲಿ ಇದೆ. ಆಕಾಶದ ಗೆರೆ ಇರುವುದು ನಕ್ಷೆಯ ಮೇಲೆ ಮಾತ್ರ. ಬೆಳಗೊಂಡಪಲ್ಲಿಯ ತನೇಜಾ ಏರೋಸ್ಪೇಸ್ ರನ್‌ವೇ ಸುಮಾರು 7000 ಅಡಿ ಉದ್ದದ್ದು. ಅಲ್ಲಿಂದ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿದಂತೆ, 18 ನಾಟಿಕಲ್ ಮೈಲಿ. 100 ನಾಟ್, ಅಂದರೆ ಗಂಟೆಗೆ 100 ನಾಟಿಕಲ್ ಮೈಲಿ, ವೇಗದ ಸೆಸ್ನಾಗೆ ಇದು 11 ನಿಮಿಷದ ದಾರಿ. ಎಚ್‌ಎಎಲ್ ಆಚೆ ಜಕ್ಕೂರು, ಯಲಹಂಕದ ವಾಯುನೆಲೆ, ಅದರಾಚೆ ಕೆಂಪೇಗೌಡ ನಿಲ್ದಾಣ. ಎಲ್ಲ ಒಂದೇ ಸಾಲಿನಲ್ಲಿ ಕೂತಿವೆ. ಎಚ್‌ಎಎಲ್‌ನಿಂದ ಏಳುವುದು ಪ್ರಯಾಣಿಕರ ವಿಮಾನದ ಹಾಗೆ ಗೆರೆ ಹಿಡಿದು ಹೋಗುವಂಥದ್ದಲ್ಲ. ಪರೀಕ್ಷೆಗೆಂದು ಹಾರುವ ತೇಜಸ್ ಇರುತ್ತದೆ, ಧ್ರುವ ಹೆಲಿಕಾಪ್ಟರ್ ಇರುತ್ತದೆ. 300 ನಾಟ್‌ನಲ್ಲಿ ಬರುವ ಜೆಟ್ ನಿಮಿಷಕ್ಕೆ 5 ಮೈಲಿ ನುಂಗುತ್ತದೆ. ಎದುರಿಗೆ ಕಂಡ ಚುಕ್ಕೆ ವಿಮಾನ ಹೌದೋ ಅಲ್ಲವೋ ಎಂದು ಯೋಚಿಸುವಷ್ಟರಲ್ಲಿ ಅದು ಪಕ್ಕದಲ್ಲಿರುತ್ತದೆ.

ನಿಲ್ದಾಣದ ಸುತ್ತಲಿನ ಕಂಟ್ರೋಲ್ ಝೋನ್ ನೆಲದಿಂದಲೇ ಶುರು. ಅದರ ಹೊರಗೆ ಚಾಚಿಕೊಂಡಿರುವ ಟರ್ಮಿನಲ್ ಪ್ರದೇಶ ಹಾಗಲ್ಲ, ಒಂದು ಎತ್ತರದಿಂದ ಮೇಲಕ್ಕೆ. ಹಳೆಯ ಮನೆಯ ಜಗಲಿ ಮೇಲೆ ಸೂರು ಚಾಚಿಕೊಂಡಿರುತ್ತದಲ್ಲ, ಹಾಗೆ. ಸೂರಿನಡಿ ಓಡಾಡಬಹುದು, ತಲೆ ಎತ್ತಿದರೆ ಬಡಿಯುತ್ತದೆ. ಗೊತ್ತಿಲ್ಲದೆ ಒಳಹೊಕ್ಕವರು ಒಂದೋ ಪಕ್ಕದಿಂದ ಝೋನ್ ಒಳಗೆ ಜಾರಿರುತ್ತಾರೆ, ಇಲ್ಲ ಕೆಳಗಿನಿಂದ ಸೂರಿಗೆ ತಲೆ ಬಡಿಸಿಕೊಂಡಿರುತ್ತಾರೆ.

ಪಕ್ಕದಿಂದ ಜಾರಿಸುವುದು ಗಾಳಿ. ಮಳೆಗಾಲದ ನೈಋತ್ಯ ಗಾಳಿ 20 ನಾಟ್ ಇದೆ, ಮೂಗು ನೇರ ಪಶ್ಚಿಮಕ್ಕಿದೆ ಎಂದಿಟ್ಟುಕೊಳ್ಳಿ. ಗಾಳಿಯ 14 ನಾಟ್ ಪಾಲು ವಿಮಾನವನ್ನು ಉತ್ತರಕ್ಕೆ, ಅಂದರೆ ಬೆಂಗಳೂರಿನ ಕಡೆಗೇ ತಳ್ಳುತ್ತಿರುತ್ತದೆ. ಹತ್ತು ನಿಮಿಷಕ್ಕೆ ಎರಡು ಮೈಲಿಗೂ ಮೀರಿ. ನೆಲದ ಗುರುತು ನೋಡಿ ಸರಿಪಡಿಸಿಕೊಳ್ಳೋಣ ಎಂದರೆ ಹೊಸೂರಿನ ಸುತ್ತ ಗುರುತುಗಳೇ ಮೋಸ ಮಾಡುತ್ತವೆ. ನಕ್ಷೆಯಲ್ಲಿ ನೀಲಿ ಬಳಿದ ಕೆರೆ ಏಪ್ರಿಲ್‌ನಲ್ಲಿ ಕಂದು ಬಯಲು. ಬಾಗಲೂರಿನ ಕಡೆಗೂ ತಳಿಯ ಕಡೆಗೂ ಬಿಳಿ ಪಾಲಿಹೌಸ್‌ಗಳು ಒಂದರ ಹಾಗೇ ಇನ್ನೊಂದು. ಮೇಲಿನಿಂದ ನೋಡಿ ಇದು ಇಂಥ ಊರಿನದು ಎಂದು ಆಣೆ ಮಾಡಿ ಹೇಳುವವರು ಯಾರೂ ಇಲ್ಲ. ನಂಬಬಹುದಾದವು ಕೆಲವೇ: ಕೆಲವರಪಳ್ಳಿ ಅಣೆಕಟ್ಟಿನ ನೀರು, ಚಂದ್ರಚೂಡೇಶ್ವರನ ಬೆಟ್ಟ, ಸೇಲಂ ಕಡೆಯ ರೈಲು ಹಳಿ, ಆರು ಪಥದ ಹೆದ್ದಾರಿ. ಹೆದ್ದಾರಿಯಲ್ಲೂ ಒಂದು ಬಲೆ ಇದೆ. ದಾರಿ ತಪ್ಪಿದ ಪೈಲಟ್‌ಗೆ ಅದನ್ನು ಹಿಡಿದು ಹೋಗುವ ಆಸೆ ಸಹಜ. ದಿಕ್ಕು ತಪ್ಪಾಗಿ ಹಿಡಿದರೆ ಅದು ನೇರ ಚಂದಾಪುರ, ಎಲೆಕ್ಟ್ರಾನಿಕ್ ಸಿಟಿಯ ಮೇಲಕ್ಕೆ ಕರೆದೊಯ್ಯುತ್ತದೆ.

ಕೆಳಗಿನಿಂದ ಮೇಲಕ್ಕೆ ಬಡಿಸುವುದು ಎತ್ತರ ತೋರಿಸುವ ಆಲ್ಟಿಮೀಟರ್. ಅದರ ಪುಟ್ಟ ಕಿಟಕಿಯಲ್ಲಿ ಆ ದಿನದ ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಇಳಿಸಿದ ವಾಯುಒತ್ತಡ, ಹಾಕಬೇಕು. ನಮ್ಮ ಎತ್ತರದಲ್ಲಿ ಒಂದು ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು 28 ಅಡಿ. ನಿನ್ನೆಯ 1006 ಹಾಗೇ ಉಳಿದು ಇವತ್ತಿನದು 1012 ಇದ್ದರೆ ಮುಳ್ಳು 170 ಅಡಿ ಕಡಿಮೆ ತೋರಿಸುತ್ತದೆ. ಗೆರೆಗಿಂತ ನೂರಡಿ ಕೆಳಗಿದ್ದೇನೆ ಎಂದು ಪೈಲಟ್ ನಿಶ್ಚಿಂತನಾಗಿದ್ದಾಗ ವಿಮಾನ ಗೆರೆಗಿಂತ ಮೇಲಿರುತ್ತದೆ. ಬ್ರಿಟನ್ನಿನಲ್ಲಿ ಪೈಲಟ್‌ಗಳಿಗೆ ‘ಎರಡು ಹಿಡಿ’ ಎಂದು ಹೇಳಿಕೊಡುತ್ತಾರೆ: ಗೆರೆಯಿಂದ ಪಕ್ಕಕ್ಕೆ 2 ಮೈಲಿ, ಎತ್ತರದಲ್ಲಿ 200 ಅಡಿ ಬಿಟ್ಟು ಹಾರು ಎಂದು. ಮೇಲಿನ 170 ಅಡಿ ನೋಡಿದರೆ ಆ 200 ದುಂದು ಅನಿಸುವುದಿಲ್ಲ.

ಇಲ್ಲಿ ಟ್ರಾನ್ಸ್‌ಪಾಂಡರಿನ ಒಂದು ಸ್ವಭಾವ ತಿಳಿದಿರಬೇಕು, ಹಳಬರೂ ಕೆಲವೊಮ್ಮೆ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಆಲ್ಟಿಮೀಟರಿನ ಕಿಟಕಿಯಲ್ಲಿ ನೀವು ಏನೇ ಹಾಕಿ, ಮೋಡ್ ಸಿ ಕಳಿಸುವ ಎತ್ತರ ಯಾವಾಗಲೂ 1013.25ರ ಲೆಕ್ಕದ್ದು. ಎನ್‌ಕೋಡರ್ ಎಂಬ ಬೇರೆಯೇ ಡಬ್ಬಿ ಅದನ್ನು ಅಳೆಯುತ್ತದೆ. ನಿಮ್ಮ ನಾಬ್‌ಗೂ ಅದಕ್ಕೂ ಸಂಬಂಧವಿಲ್ಲ. ಇವತ್ತಿನ ಕ್ಯೂಎನ್‌ಎಚ್‌ಗೆ ಹೊಂದಿಸುವ ಕೆಲಸ ನೆಲದ ಕಂಪ್ಯೂಟರಿನದು. ಹಾಗಾಗಿ ಪೈಲಟ್ ತಪ್ಪು ಒತ್ತಡ ಹಾಕಿಕೊಂಡಿದ್ದರೂ ಕಂಟ್ರೋಲರ್ ಪರದೆಯ ಮೇಲೆ ಸರಿಯಾದ ಎತ್ತರವೇ ಇರುತ್ತದೆ. ‘ಆಲ್ಟಿಮೀಟರ್ ಸೆಟ್ಟಿಂಗ್ ನೋಡಿ, ಎತ್ತರ ಖಚಿತಪಡಿಸಿ’ ಎಂದು ರೇಡಿಯೊದಲ್ಲಿ ಕೇಳಿದರೆ ಸಿಡುಕುವ ಅಗತ್ಯವಿಲ್ಲ. ಪರದೆಗೂ ಪೈಲಟ್ ಬಾಯಿಗೂ 300 ಅಡಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೇಳಲೇಬೇಕು ಎಂಬುದು ಅಂತರರಾಷ್ಟ್ರೀಯ ಕ್ರಮ.

ಏಳುವ ಮೊದಲೇ ಇದನ್ನು ನೆಲದಲ್ಲಿ ಪರೀಕ್ಷಿಸಬಹುದು. ಹೊಸೂರಿನ ಬಯಲು ಸಮುದ್ರಮಟ್ಟದಿಂದ ಸುಮಾರು 3000 ಅಡಿ. ಆಲ್ಟಿಮೀಟರನ್ನು ಒಂದು ಕ್ಷಣ 1013ಕ್ಕೆ ತಿರುಗಿಸಿ ಓದಿ, ಟ್ರಾನ್ಸ್‌ಪಾಂಡರಿನ ಪುಟ್ಟ ಪರದೆ ತೋರಿಸುವ ಎತ್ತರ ಓದಿ. ಕ್ಯೂಎನ್‌ಎಚ್ 1013ರ ಆಸುಪಾಸಿನ ದಿನ ಅಲ್ಲಿ 030, ಅಂದರೆ 3000 ಅಡಿ, ಇರಬೇಕು, 1018ರ ದಿನ 029. 035 ಕಂಡರೆ ರನ್‌ವೇ ಕಡೆ ಹೋಗದೆ ಹ್ಯಾಂಗರ್ ಕಡೆ ತಿರುಗಿ. ಆಮೇಲೆ ಕ್ಯೂಎನ್‌ಎಚ್ ವಾಪಸ್ ಹಾಕುವುದನ್ನು ಮರೆತರೆ, ಪರೀಕ್ಷೆಯೇ ತಪ್ಪಿಗೆ ತಾಯಿಯಾಗುತ್ತದೆ. ಪೆಟ್ಟಿಗೆ ಹಾಕಿದ ಕೂಡಲೇ ಅಂಕಿ ಬರಲಿಲ್ಲವೆಂದು ಗಾಬರಿ ಬೇಡ. ಹಳೆಯ ಎನ್‌ಕೋಡರ್‌ಗಳಿಗೆ ಬಿಸಿಯಾಗಲು ಕೆಲವು ನಿಮಿಷ ಬೇಕು, ಅಲ್ಲಿಯವರೆಗೆ ಗೆರೆಗಳಷ್ಟೇ ಕಾಣುತ್ತವೆ.

ಎತ್ತರ ಗೊತ್ತಿಲ್ಲದ ಚುಕ್ಕೆ ಎಷ್ಟು ಕೆಟ್ಟದ್ದು ಎಂಬುದಕ್ಕೆ 1986ರ ಆಗಸ್ಟ್ 31 ಸಾಕ್ಷಿ. ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಒಂದು ಪೈಪರ್ ವಿಮಾನ ಅನುಮತಿ ಇಲ್ಲದೆ ನಿಯಂತ್ರಿತ ಪ್ರದೇಶದೊಳಗೆ ಬಂದಿತ್ತು. ಅದರ ಟ್ರಾನ್ಸ್‌ಪಾಂಡರ್ ಹಾಕಿಯೇ ಇತ್ತು, ಆದರೆ ಎತ್ತರ ಹೇಳುವ ಮೋಡ್ ಸಿ ಇರಲಿಲ್ಲ. ಇಳಿಯುತ್ತಿದ್ದ ಏರೋಮೆಕ್ಸಿಕೊ ಡಿಸಿ-9ಕ್ಕೆ ಅದು ಬಡಿಯಿತು. ನೆಲದಲ್ಲಿದ್ದ 15 ಜನ ಸೇರಿ 82 ಸಾವು. ಆ ಹೊತ್ತಿಗೆ ಕಂಟ್ರೋಲರ್, ಹಾಗೆಯೇ ತಪ್ಪಿ ಒಳಬಂದ ಇನ್ನೊಂದು ಪುಟ್ಟ ವಿಮಾನದ ಜತೆ ಮಾತಿನಲ್ಲಿದ್ದರು. ಅದಾದ ಮೇಲೆಯೇ ಅಮೆರಿಕದಲ್ಲಿ ದೊಡ್ಡ ನಿಲ್ದಾಣಗಳ ಸುತ್ತ 30 ಮೈಲಿಗೆ ಮೋಡ್ ಸಿ ಕಡ್ಡಾಯವಾಯಿತು. ನಮ್ಮ ಪಾಠ ಬಂದದ್ದು 1996ರ ನವೆಂಬರ್ 12ರಂದು, ಚರ್ಖಿ ದಾದ್ರಿಯಲ್ಲಿ, ಆಕಾಶದಲ್ಲಿ ಎರಡು ವಿಮಾನ ಡಿಕ್ಕಿಯಾಗಿ 349 ಜೀವ ಹೋದ ಮೇಲೆ. ದೆಹಲಿಯಲ್ಲಿ ಆಗ ಇದ್ದದ್ದು ಎತ್ತರ ತೋರಿಸದ ಪ್ರೈಮರಿ ರೇಡಾರ್. ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಉಪಕರಣವನ್ನು ಭಾರತ ಕಡ್ಡಾಯ ಮಾಡಿದ್ದು ಅದರ ನಂತರ. ಟಿಕ್ಯಾಸ್ ಕೂಡ ಎದುರಿನ ವಿಮಾನದ ಟ್ರಾನ್ಸ್‌ಪಾಂಡರನ್ನೇ ಕೇಳುತ್ತದೆ. ಎದುರಿನದು ಮೋಡ್ ಎ ಮಾತ್ರ ಹೇಳಿದರೆ ‘ಅಲ್ಲೆಲ್ಲೋ ಒಂದಿದೆ’ ಎಂದು ಎಚ್ಚರಿಸುತ್ತದೆ. ‘ಏರು’, ‘ಇಳಿ’ ಎಂದು ಹೇಳಲು ಅದಕ್ಕೆ ಎತ್ತರ ಬೇಕು. ಎದುರಿನದು ಆಫ್ ಆಗಿದ್ದರೆ ಅದರ ಪಾಲಿಗೆ ಅಲ್ಲಿ ಏನೂ ಇಲ್ಲ. 2006ರಲ್ಲಿ ಬ್ರೆಜಿಲಿನ ಅಮೆಜಾನ್ ಮೇಲೆ ಒಂದು ಬಿಸಿನೆಸ್ ಜೆಟ್‌ನ ಟ್ರಾನ್ಸ್‌ಪಾಂಡರ್ ಪೈಲಟ್‌ಗಳ ಗಮನಕ್ಕೆ ಬಾರದೆ, ಉತ್ತರ ಕೊಡದ ಸ್ಟ್ಯಾಂಡ್‌ಬೈ ಸ್ಥಾನಕ್ಕೆ ಹೋಗಿತ್ತು. ಅದು ಬಡಿದ ಗೋಲ್ ಕಂಪನಿಯ ಬೋಯಿಂಗ್ 737ರಲ್ಲಿದ್ದ 154 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಸ್ಟ್ಯಾಂಡ್‌ಬೈ ಎಂಬುದು ಪುಟ್ಟ ವಿಮಾನಗಳಲ್ಲೂ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಇಳಿದ ಮೇಲೆ ಆ ಸ್ಥಾನಕ್ಕೆ ತಂದಿರುತ್ತಾರೆ, ಮತ್ತೆ ಏಳುವಾಗ ‘ಆಲ್ಟ್’ಗೆ ತಿರುಗಿಸುವುದು ಮರೆಯುತ್ತದೆ. ‘ಆನ್’ನಲ್ಲಿ ಬಿಟ್ಟರೆ ಕೋಡ್ ಹೋಗುತ್ತದೆ, ಎತ್ತರ ಹೋಗುವುದಿಲ್ಲ, ಸೆರಿಟೋಸ್‌ನ ಪೈಪರ್ ಇದ್ದ ಸ್ಥಿತಿಯೇ ಅದು. ಉತ್ತರ ಹೋಗುತ್ತಿದೆಯೇ ಎಂದು ತಿಳಿಯಲು ಹಳೆಯ ಪೆಟ್ಟಿಗೆಯಲ್ಲಿ ಮಿಣುಕುವ ಪುಟ್ಟ ದೀಪ ಇದೆ, ಹೊಸದರಲ್ಲಿ ‘ಆರ್’ ಅಕ್ಷರ. ಬೆಂಗಳೂರಿನ ಇಷ್ಟು ಹತ್ತಿರ, ಸಾಕಷ್ಟು ಎತ್ತರದಲ್ಲಿ ಹಾರುವಾಗ ಅದು ಹತ್ತು ನಿಮಿಷ ಸುಮ್ಮನಿದ್ದರೆ ಏನೋ ಕೆಟ್ಟಿದೆ.

ಕೆಡುವುದರಲ್ಲಿ ಮೊದಲ ಸಂಶಯ ಹೊಟ್ಟೆಯಡಿಯ ಆಂಟೆನಾ ಮೇಲೆ. ಬೆರಳುದ್ದದ ಕಡ್ಡಿ ಅಥವಾ ಮೀನಿನ ರೆಕ್ಕೆಯಂಥ ತುಂಡು. 1090ರ ಕಾಲು ತರಂಗ ಎಂದರೆ ಸುಮಾರು 7 ಸೆಂಟಿಮೀಟರ್. ಎಂಜಿನ್ನಿನ ಬ್ರೀದರ್ ಕೊಳವೆಯಿಂದ ಸೋರುವ ಎಣ್ಣೆ ಹೊಟ್ಟೆಗುಂಟ ಹಿಂದಕ್ಕೆ ಹರಿದು, ಅದಕ್ಕೆ ರನ್‌ವೇ ಧೂಳು ಅಂಟಿ, ಆಂಟೆನಾ ಬುಡದಲ್ಲಿ ಕರೀ ಮೇಣದ ಹಾಗೆ ಕೂರುತ್ತದೆ. ಸಂಕೇತ ಸೊರಗುತ್ತದೆ, ಕಂಟ್ರೋಲರ್ ‘ನಿಮ್ಮ ಟ್ರಾನ್ಸ್‌ಪಾಂಡರ್ ಬಿಟ್ಟು ಬಿಟ್ಟು ಬರುತ್ತಿದೆ’ ಎನ್ನುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಪೆಟ್ಟಿಗೆ ಬಿಚ್ಚಿಸುವ ಮೊದಲು ಸೋಪುನೀರು, ಮೆತ್ತನೆ ಬಟ್ಟೆ ತೆಗೆದುಕೊಂಡು ಮಲಗಿ ಒರೆಸಿ. ಬಣ್ಣ ಮಾತ್ರ ಬಳಿಯಬೇಡಿ. ಒರೆಸಿದ ಮೇಲೂ ಸರಿಹೋಗದಿದ್ದರೆ ಕೇಬಲ್ಲಿನ ತುದಿಯ ಕನೆಕ್ಟರ್ ನೋಡಿಸಿ, ಮಳೆಗಾಲದಲ್ಲಿ ಅಲ್ಲಿ ಹಸಿರು ಕಟ್ಟುತ್ತದೆ. ಕಡಿದಾಗಿ ತಿರುಗುವಾಗ ಹೊಟ್ಟೆ ರೇಡಾರ್‌ಗೆ ಮರೆಯಾಗಿ ಸಂಕೇತ ಒಂದೆರಡು ಸುತ್ತು ತಪ್ಪುವುದು ಬೇರೆ ವಿಷಯ, ಅದು ದೋಷವಲ್ಲ.

ಎರಡನೆಯದು ಎನ್‌ಕೋಡರ್‌ನಿಂದ ಪೆಟ್ಟಿಗೆಗೆ ಹೋಗುವ ತಂತಿಗಳು. ಹಳೆಯ ಪದ್ಧತಿಯಲ್ಲಿ ಎತ್ತರದ ಒಂದೊಂದು ಬಿಟ್‌ಗೂ ಒಂದೊಂದು ತಂತಿ. ಒಂದು ಸಡಿಲವಾದರೆ ಕೆಲವು ಎತ್ತರಗಳಲ್ಲಿ ಎಲ್ಲ ಸರಿ, ಕೆಲವು ಎತ್ತರಗಳಲ್ಲಿ ನೂರಾರು ಅಡಿ ಜಿಗಿತ. 4000 ಅಡಿಯಲ್ಲಿ ಇದ್ದವನು ಪರದೆಯ ಮೇಲೆ ಸೂರಿನೊಳಗೆ ಕಾಣಿಸಿಕೊಳ್ಳಬಹುದು. ಮಾಡದ ತಪ್ಪಿಗೆ ಬೈಸಿಕೊಳ್ಳುವ ಅಪರೂಪದ ಸಂದರ್ಭ ಇದು. ಹೊರದೇಶದಿಂದ ತಂದ ಸೆಕೆಂಡ್ ಹ್ಯಾಂಡ್ ವಿಮಾನದಲ್ಲಿ ವಿಮಾನದ ವಿಳಾಸವನ್ನೂ ಹೇಳುವ ಮೋಡ್ ಎಸ್ ಪೆಟ್ಟಿಗೆ ಇದ್ದರೆ ಇನ್ನೊಂದು ನೋಡಬೇಕು. ಅದರ 24 ಬಿಟ್ ವಿಳಾಸ ನೋಂದಣಿಗೆ ಅಂಟಿಕೊಂಡದ್ದು. ರೆಕ್ಕೆಯ ಮೇಲೆ ಭಾರತದ ನೋಂದಣಿ ಅಕ್ಷರ ವಿಟಿ ಎಂದು ಬರೆಸಿ, ಒಳಗಿನ ವಿಳಾಸ ಬದಲಿಸದೆ ಬಿಟ್ಟರೆ ವಿಮಾನ ಹೊಸೂರಿನ ಮೇಲೆ ಅಮೆರಿಕದ ಹೆಸರು ಹೇಳಿಕೊಂಡು ತಿರುಗುತ್ತದೆ. ಭಾರತದ ವಿಳಾಸ 80ರಿಂದ 83ರೊಳಗೆ ಶುರುವಾಗಬೇಕು.

ಕಾಗದದ ಕಡೆ ಒಂದೇ ಮಾತು. ಹಾರುವ ಮೊದಲು ಫ್ಲೈಟ್ ಪ್ಲಾನ್ ಹಾಕಿ ಎಫ್‌ಐಸಿ (ವಿಮಾನ ಮಾಹಿತಿ ಕೇಂದ್ರದ) ನಂಬರ್, ಎಡಿಸಿ (ವಾಯುರಕ್ಷಣೆಯ ಅನುಮತಿ) ನಂಬರ್ ತೆಗೆದುಕೊಂಡಿರುತ್ತೀರಿ. ಎಡಿಸಿ ಎಂದರೆ ನೀವು ಯಾರೆಂದು ವಾಯುಪಡೆಗೆ ಗೊತ್ತು ಎಂದಷ್ಟೇ. ಝೋನ್ ಒಳಗೆ ಬರಲು ಕಂಟ್ರೋಲರ್ ಬಾಯಿಂದ ಅನುಮತಿ ಬೇರೆಯೇ ಬರಬೇಕು. ಕೋಡ್ ಕೊಟ್ಟರು, ಪರದೆಯ ಮೇಲೆ ನಿಮ್ಮ ಚುಕ್ಕೆಯನ್ನು ಎದ್ದು ಕಾಣಿಸುವ ‘ಐಡೆಂಟ್’ ಬಟನ್ ಒತ್ತಲು ಹೇಳಿದರು, ಗುರುತು ಸಿಕ್ಕಿತು ಎಂದರು. ಇದ್ಯಾವುದೂ ಒಳಗೆ ಬಾ ಎಂಬ ಕರೆಯಲ್ಲ. ‘ಕಂಡೆ’ ಎನ್ನುವುದಕ್ಕೂ ‘ಬನ್ನಿ’ ಎನ್ನುವುದಕ್ಕೂ ನಮ್ಮಲ್ಲಿ ಇರುವ ವ್ಯತ್ಯಾಸವೇ ಅಲ್ಲೂ. ಬೆಂಗಳೂರಿನ ಸುತ್ತ ಗೆರೆಗಳು ಹಾಗೇ ನಿಲ್ಲುವುದೂ ಇಲ್ಲ. ಯಲಹಂಕದಲ್ಲಿ ಏರ್ ಶೋ ನಡೆಯುವ ವರ್ಷ ಫೆಬ್ರವರಿಯಲ್ಲಿ ಪೈಲಟ್‌ಗಳಿಗೆ ಹೊರಡಿಸುವ ನೋಟಾಮ್ ಸೂಚನೆ ಓದದೆ ಏಳುವುದು ಹುಚ್ಚುತನ. ಹೊಸೂರಿಗೇ 2000 ಎಕರೆಯಲ್ಲಿ ವಿಮಾನ ನಿಲ್ದಾಣ ಎಂದು 2024ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಘೋಷಿಸಿದೆ. ಅದು ಆದರೆ ನಮ್ಮ ತಲೆಯ ಮೇಲಿನ ನಕ್ಷೆಯನ್ನೇ ಹೊಸದಾಗಿ ಬರೆಯಬೇಕಾಗುತ್ತದೆ.

ಇಷ್ಟೆಲ್ಲ ನೋಡಿಕೊಂಡೂ ಒಂದು ದಿನ ಎಡಗಡೆ ಇರಬೇಕಾದ ಕೆರೆ ಬಲಗಡೆ ಕಾಣುತ್ತದೆ, ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಆ ಹೊತ್ತಿನಲ್ಲಿ ಕೈ ಹೋಗುವುದು ಟ್ರಾನ್ಸ್‌ಪಾಂಡರಿನ ಸ್ವಿಚ್ ಕಡೆಗೆ. ಆರಿಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ ಎಂಬ ಬುದ್ಧಿ ಅದು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನದು. ರೇಡಾರ್ ಪರದೆಯ ಮೇಲೆ ಆವರೆಗಿನ ದಾರಿ ಆಗಲೇ ದಾಖಲಾಗಿದೆ. ಆರಿಸಿದ್ದರಿಂದ ಮರೆಯಾಗುವುದು ಮುಂದಿನ ದಾರಿ, ಮತ್ತು ಟಿಕ್ಯಾಸ್‌ಗಳ ಪಾಲಿಗೆ ನಿಮ್ಮ ಇರವು. ಕಂಟ್ರೋಲರ್‌ಗೆ ಆಗ ಇರುವುದು ಒಂದೇ ದಾರಿ: ಕೊನೆಗೆ ಕಂಡ ಜಾಗದ ಸುತ್ತ ಎಲ್ಲಾದರೂ, ಯಾವ ಎತ್ತರದಲ್ಲಾದರೂ ಇರಬಹುದು ಎಂದುಕೊಂಡು ಮಿಕ್ಕವರನ್ನೆಲ್ಲ ದೂರ ತಿರುಗಿಸುವುದು. ಪೆಟ್ಟಿಗೆ ‘ಆಲ್ಟ್’ನಲ್ಲೇ ಇರಲಿ, ಕೋಡ್ ಬದಲಿಸಬೇಡಿ. ಕೈಯಲ್ಲಿರುವ ವಿಮಾನವನ್ನು ಮಟ್ಟವಾಗಿ ಹಿಡಿದು, ಆ ಪ್ರದೇಶದ ಫ್ರೀಕ್ವೆನ್ಸಿಯಲ್ಲಿ ಕರೆಯಿರಿ. ಅದು ಸಿಗದಿದ್ದರೆ ಆಪತ್ತಿನ ಫ್ರೀಕ್ವೆನ್ಸಿ 121.5. ಕಾಲ್‌ಸೈನ್ ಅಂದರೆ ರೇಡಿಯೊದಲ್ಲಿ ವಿಮಾನದ ಹೆಸರು, ವಿಮಾನದ ಮಾದರಿ, ಎಲ್ಲಿದ್ದೇನೆ ಎಂದುಕೊಂಡಿದ್ದೇನೆ, ಎತ್ತರ, ‘ನಿಮ್ಮ ಪ್ರದೇಶದೊಳಗೆ ಬಂದಿರಬಹುದು, ದಿಕ್ಕು ಹೇಳಿ’. ಇಷ್ಟು ಸಾಕು, ಕಾರಣ ವಿವರಿಸುವ ಹೊತ್ತಲ್ಲ. ‘ಐಡೆಂಟ್’ ಒತ್ತಿ ಎಂದರೆ ಒಮ್ಮೆ ಒತ್ತಿ ಬಿಡಿ. ಗಾರ್ಮಿನ್‌ನಲ್ಲಿ ಅದು 18 ಸೆಕೆಂಡ್ ತಾನೇ ಹೊಳೆಯುತ್ತದೆ. ರೇಡಿಯೊ ಸತ್ತಿದ್ದರೆ 7600, ದಾರಿ ಪೂರ್ತಿ ತಪ್ಪಿ ಇಂಧನವೂ ಮುಗಿಯುತ್ತ ಬಂದಿದ್ದರೆ 7700, ಅದಕ್ಕೆ ನಾಚಿಕೆ ಬೇಡ. ಯಾರೂ ಸಿಗದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಿ. ಮೈಲಿ ಉಳಿಸಲು ಝೋನ್‌ಗೆ ಅಡ್ಡಲಾಗಿ ಹಾಯಬೇಡಿ.

ಇಳಿದು ಎಂಜಿನ್ ನಿಲ್ಲಿಸಿದ ಮೇಲೆ ಮಾಸ್ಟರ್ ಸ್ವಿಚ್ ಆರಿಸುವ ಮೊದಲು ಫೋನಿನಲ್ಲಿ ಪ್ಯಾನೆಲ್‌ನ ಒಂದು ಚಿತ್ರ ತೆಗೆದುಕೊಳ್ಳಿ. ಆಲ್ಟಿಮೀಟರಿನ ಕಿಟಕಿಯಲ್ಲಿದ್ದ ಒತ್ತಡ, ಟ್ರಾನ್ಸ್‌ಪಾಂಡರಿನ ಕೋಡ್, ಅದರ ನಾಬ್ ಇದ್ದ ಸ್ಥಾನ ಮೂರೂ ಅದರಲ್ಲಿ ಬರಲಿ. ವರದಿ ಬರೆಯಲು ಕೂತಾಗ ಮೊದಲು ಬರುವ ಪ್ರಶ್ನೆಗಳು ಇವೇ. ಸಮಯವನ್ನು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಬರೆಯಿರಿ, ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದು. ಬೆಳಗಿನ ಐದೂವರೆಗೆ ಮುಂಚೆ ಎದ್ದಿದ್ದರೆ ತಾರೀಖೂ ಹಿಂದಿನ ದಿನದ್ದು.